ಪಿಡಿಎಫ್ ಹಂಚಿದರೆ ‘ಕಳವು’ ಅಲ್ಲ

ಮಾನ್ಯ ಸಂಪಾದಕರೇ,

ಕನ್ನಡ ಪುಸ್ತಕಗಳ ಪಿಡಿಎಫ್ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡಿದಾಗ ಅದನ್ನು ‘ಕಳವು’, ‘ಕೃತಿಚೌರ್ಯ’ ಎಂದು ಕರೆಯುವ ರೂಢಿಯಿದೆ. ಎರಡೂ ತಪ್ಪು. ಬೇರೆಯವರು ಬರೆದದ್ದನ್ನು ತನ್ನ ಹೆಸರಿನಲ್ಲಿ ಪ್ರಕಟಿಸುವುದು ಕೃತಿಚೌರ್ಯ. ಲೇಖಕರ ಹೆಸರನ್ನು ಹಾಗೇ ಉಳಿಸಿ, ಅನುಮತಿಯಿಲ್ಲದೆ ಪ್ರತಿ ಮಾಡಿ ಹಂಚುವುದು ಹಕ್ಕುಸ್ವಾಮ್ಯದ ಉಲ್ಲಂಘನೆ. ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ. ಹಕ್ಕುಸ್ವಾಮ್ಯ ಉಳಿಯುವ ಮರಣಾನಂತರದ 60 ವರ್ಷ 2006ರ ಕೊನೆಗೆ ಮುಗಿದಿದ್ದು, ಅವರು ಬದುಕಿದ್ದಾಗ ಪ್ರಕಟವಾದ ಕವನಗಳನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ತನ್ನದೆಂದು ಹೇಳಿಕೊಂಡರೆ ಮಾತ್ರ ಇಂದಿಗೂ ಕೃತಿಚೌರ್ಯವೇ. 1975ರಲ್ಲಿ ತೀರಿಕೊಂಡ ಡಿವಿಜಿಯವರ ಪುಸ್ತಕಗಳಿಗೆ 2035ರ ಕೊನೆಯವರೆಗೆ ರಕ್ಷಣೆಯಿದೆ.

ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ ಕಳವು ಎನಿಸಲು ಚರಾಸ್ತಿಯನ್ನು ಒಬ್ಬರ ವಶದಿಂದ ಒಪ್ಪಿಗೆಯಿಲ್ಲದೆ ಕದಲಿಸಿರಬೇಕು. ಸ್ಕ್ಯಾನ್ ಮಾಡಿದವನು ಯಾರ ಕೈಯಿಂದಲೂ ಪುಸ್ತಕ ಒಯ್ದಿಲ್ಲ. ಹಾಗೆಂದು ತಪ್ಪು ಹಗುರವಲ್ಲ. ವರ್ಷಗಟ್ಟಲೆ ಬರೆದವರಿಗೆ ಸಿಗಬೇಕಾದ ಗೌರವಧನ ತಪ್ಪುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ, ಗೊತ್ತಿದ್ದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡವಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿರದಿದ್ದರೆ ನ್ಯಾಯಾಲಯ ಕಾರಣ ದಾಖಲಿಸಿ ಇದನ್ನು ಇಳಿಸಬಹುದು. ಇದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಠಾಣೆಗೆ ಹೋದವರು ದೂರಿನಲ್ಲಿ ‘ಕಳವು’ ಎಂದು ಬರೆಯದೆ 63ನೇ ಸೆಕ್ಷನ್ನನ್ನೇ ಹೆಸರಿಸಬೇಕು. (ವಿಮರ್ಶೆಯಲ್ಲಿ ನಾಲ್ಕು ಸಾಲು ಉದ್ಧರಿಸಿದವರು ಹೆದರಬೇಕಿಲ್ಲ, ಅದಕ್ಕೆ 52ನೇ ಸೆಕ್ಷನ್ನಿನ ವಿನಾಯಿತಿಯಿದೆ.)

ಪಿಡಿಎಫ್ ತೆಗೆಸಲು ಮೊದಲು ಅದನ್ನಿಟ್ಟ ಜಾಲತಾಣಕ್ಕೆ ಲಿಖಿತ ದೂರು ಕೊಡಬೇಕು. ಕೃತಿಯ ವಿವರ, ಹಕ್ಕು ತಮ್ಮದೆನ್ನುವ ದಾಖಲೆ, ಕಡತದ ಪೂರ್ತಿ ಲಿಂಕ್, ದಾವೆ ಹೂಡಿ 21 ದಿನದೊಳಗೆ ನ್ಯಾಯಾಲಯದ ಆದೇಶ ತರುವ ಮುಚ್ಚಳಿಕೆ, ಇಷ್ಟೂ ಅದರಲ್ಲಿರಲಿ. ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ ದೂರು ಅವರಿಂದಲೇ ಹೋಗಬೇಕು. ಹಳೆಯ ಒಪ್ಪಂದವನ್ನು ಒಮ್ಮೆ ತೆಗೆದು ನೋಡಿ. ಕೃತಿ ನೋಂದಣಿಯಾಗಿರದಿದ್ದರೂ ಹಕ್ಕು ಇದ್ದೇ ಇರುತ್ತದೆ. 2013ರ ಹಕ್ಕುಸ್ವಾಮ್ಯ ನಿಯಮಗಳಂತೆ ದೂರು ಒಪ್ಪಿದ ಜಾಲತಾಣ 36 ಗಂಟೆಯೊಳಗೆ ಕಡತ ಸಿಗದಂತೆ ಮಾಡಬೇಕು. ಎಡವುವುದು ಇದರ ಮುಂದೆ. ಕಡತ ಮರೆಯಾಯಿತೆಂದು ಸುಮ್ಮನೆ ಕುಳಿತು, 21 ದಿನದೊಳಗೆ ನ್ಯಾಯಾಲಯದ ಆದೇಶ ತಾರದಿದ್ದರೆ ಅದೇ ಪಿಡಿಎಫ್ ಮತ್ತೆ ಮೇಲೇರಬಹುದು.

ಇಂಥ ವರದಿಗಳ ತಲೆಬರಹದಲ್ಲಿ ‘ಹಕ್ಕುಸ್ವಾಮ್ಯ ಉಲ್ಲಂಘನೆ’ ಎಂದೇ ಬರೆಯಬೇಕೆಂದು ನಿಮ್ಮ ಸುದ್ದಿಮನೆಯನ್ನು ಕೋರುತ್ತೇನೆ.

– ಓದುಗ, ಧಾರವಾಡ