ಮಗಳಿಗೊಂದು ಪತ್ರ: ಕೊಯ್ಯದೆ ಬಿಟ್ಟ ಮಲ್ಲಿಗೆ

ಶಿರಸಿ, ಮೇ ಮೊದಲ ವಾರ

ಪ್ರೀತಿಯ ಪುಟ್ಟೀ,

ನಿನ್ನೆ ಫೋನಿನಲ್ಲಿ "ಆಯಿ, ಅಂಗಳದಲ್ಲಿ ಏನೇನು ಹೂವಾಗಿದೆ?" ಅಂತ ಕೇಳಿದೆ. ಹೇಳಬೇಕು ಅನ್ನುವಷ್ಟರಲ್ಲಿ ಇಲ್ಲಿ ಕರೆಂಟು ಹೋಯಿತು, ಮಾತೂ ಕಡಿಯಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ಈ ಸಲ ದುಂಡು ಮಲ್ಲಿಗೆ ಜಾಸ್ತಿ. ಬಾವಿ ನೀರು ತಳ ಕಂಡಿದೆ, ಆದರೂ ಗಿಡ ಬಾಡಿಲ್ಲ. ಬುಡಕ್ಕೆ ದಪ್ಪಗೆ ಒಣ ಎಲೆಯ ದರಕು ಮುಚ್ಚಿದ್ದೇನೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಅಲ್ಲಿಗೇ.

ನಿನಗೆ ನೆನಪಿದೆಯಾ? ಸಣ್ಣವಳಿದ್ದಾಗ ನಾನು ಮೊಗ್ಗು ಕೊಯ್ಯಲು ಹೊರಟರೆ ಬುಟ್ಟಿ ಹಿಡಿದು ಎಳೆಯುತ್ತಿದ್ದೆ. "ಅದಿನ್ನೂ ಕಣ್ಣು ಬಿಟ್ಟಿಲ್ಲ, ಕೊಯ್ಯಬೇಡ" ಅಂತ ಅಳುತ್ತಿದ್ದೆ. ಅರಳಿದ ಮೇಲೆ ದಂಡೆ ಕಟ್ಟಲು ಬರುವುದಿಲ್ಲ ಮಗಾ ಅಂತ ನಾನು ಗದರುತ್ತಿದ್ದೆ. ಉಡುಪಿ ಕಡೆ ಶಂಕರಪುರದವರೂ ಮೊಗ್ಗನ್ನೇ ಕೊಯ್ದು ಬಾಳೆ ನಾರಿನಲ್ಲಿ ಕಟ್ಟುತ್ತಾರೆ. ನನ್ನದು ತಪ್ಪಲ್ಲ. ಆದರೆ ಇಷ್ಟು ವರ್ಷ ಗಿಡ ಸಾಕಿದವಳು ಹೂವು ಗಿಡದಲ್ಲೇ ಅರಳುವುದನ್ನು ಕೂತು ನೋಡಿರಲೇ ಇಲ್ಲ.

ಮೊನ್ನೆ ಬಾವಿಕಟ್ಟೆಯ ಗಿಡವನ್ನು ಸುಮ್ನೆ ಬಿಟ್ಟೆ. ಸಂಜೆ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮೊದಲು ಮೊಗ್ಗಿನ ತುದಿ ಸ್ವಲ್ಪ ಸಡಿಲವಾಯಿತು. ಆಮೇಲೆ ಒಂದು ಎಸಳು ಹಿಂದಕ್ಕೆ ಬಾಗಿತು. ದೇವರಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ಗಿಡ ತುಂಬ ಬೆಳ್ಳಗೆ! ಕತ್ತಲಾದ ಮೇಲೆ ಪತಂಗಗಳು ಬಂದವು. ಬಿಳಿ ಬಣ್ಣ, ರಾತ್ರಿಯ ಪರಿಮಳ ಎಲ್ಲ ಅವುಗಳನ್ನು ಕರೆಯಲಿಕ್ಕೇ ಅಲ್ವಾ? ನನ್ನ ಮುಡಿಗೆ ಅಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಕೆಳಗೆಲ್ಲ ಹೂವು, ಅಂಚು ತುಸು ಕೆಂಪಾಗಿತ್ತು. ನಿನ್ನ ಅಪ್ಪಯ್ಯ ಅದನ್ನು ತುಳಿಯದೆ ಸುತ್ತು ಹಾಕಿ ಹೋದರು.

ಸುರಗಿ ಹೂವಿನ ಕಾಲ ಮುಗಿಯಿತು. ಒಣಗಿಸಿದ ಮೊಗ್ಗನ್ನು ನಿನ್ನ ಸೀರೆಗಳ ನಡುವೆ ಇಟ್ಟಿದ್ದೇನೆ, ಒಣಗಿದರೂ ಪರಿಮಳ ಹೋಗಿಲ್ಲ.

ನಿನ್ನ ಬಾಲ್ಕನಿಯ ಮಲ್ಲಿಗೆ ಬರೀ ಎಲೆ ಬಿಡುತ್ತಿದೆ ಅಂದೆಯಲ್ಲ. ಕುಂಡವನ್ನು ಬಿಸಿಲು ಬೀಳುವ ಕಡೆ ಸರಿಸು. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ ನೀರು ಹಾಕು. ಉದ್ದ ಹೋದ ಕುಡಿಗಳನ್ನು ಕತ್ತರಿಸು, ಪಾಪ ಅನ್ನಬೇಡ. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದು. ಯೂರಿಯಾ ಹಾಕಬೇಡ, ಅದಕ್ಕೆ ಎಲೆಯೇ ಜಾಸ್ತಿಯಾಗುತ್ತದೆ.

ಇನ್ನೊಂದು ಸುದ್ದಿ. ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನೆಟ್ಟ ಮೇ ಫ್ಲವರ್ ಗಡ್ಡೆಯಲ್ಲಿ ಹೂವು ಬಂದಿದೆ. ವರ್ಷದ ಅರ್ಧ ಮಣ್ಣೊಳಗೇ ಮಲಗಿರುತ್ತದೆ. ಮೊದಲ ಮಳೆ ಬಿದ್ದದ್ದೇ ತಡ, ಕೆಂಪು ಚೆಂಡು ಮೇಲೆದ್ದಿತು. ಒಂದಿದ್ದ ಗಡ್ಡೆ ಈಗ ಹದಿಮೂರಾಗಿದೆ. ಈಗ ಕೀಳುವುದಿಲ್ಲ. ಚಳಿಗಾಲದಲ್ಲಿ ಎಲೆ ಒಣಗಿದ ಮೇಲೆ ಎರಡು ಗಡ್ಡೆ ಕಳಿಸುತ್ತೇನೆ. ಕುತ್ತಿಗೆ ಮಣ್ಣಿನ ಮೇಲೆ ಕಾಣುವ ಹಾಗೆ ನೆಡು.

ಮುಂದಿನ ವಾರ ರಜೆ ಸಿಗಬಹುದು ಅಂದಿದ್ದೆ. ಬಾವಿಕಟ್ಟೆಯ ಗಿಡದಲ್ಲಿ ಇನ್ನೊಂದು ಸುತ್ತು ಮೊಗ್ಗು ಕಚ್ಚಿದೆ, ಈಗ ಅಕ್ಕಿ ಕಾಳಿನಷ್ಟು. ಕೊಯ್ಯುವುದಿಲ್ಲ. ಸಂಜೆಯೊಳಗೆ ಮನೆ ತಲುಪುವ ಬಸ್ಸನ್ನೇ ಹತ್ತು.

ನಿನ್ನ,
ಆಯಿ