ದೂರು ಹೇಳುವುದೂ ಪ್ರಾರ್ಥನೆಯೇ

ಪ್ರಿಯ ಮಗಳಿಗೆ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅಪಘಾತವಾದಂದಿನಿಂದ ಅಳಿಯಂದಿರಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲದಿರುವುದು, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಲು ನೀನು ರಾತ್ರಿಯೆಲ್ಲ ಅಲಾರಂ ಇಟ್ಟುಕೊಂಡು ಏಳುತ್ತಿರುವುದು, ಇವೆಲ್ಲ ನನಗೆ ಮೊದಲೇ ತಿಳಿದಿತ್ತು. ತಿಳಿಯದೇ ಇದ್ದದ್ದು ನೀನು ಕೊನೆಯಲ್ಲಿ ಬರೆದ ಮಾತು. ಪ್ರಾರ್ಥನೆಗೆಂದು ಮೊಣಕಾಲೂರಿದರೆ ದೇವರ ಮೇಲೆ ಸಿಟ್ಟು ಉಕ್ಕಿ ಬರುತ್ತದೆ, ಅದಕ್ಕೇ ಪ್ರಾರ್ಥನೆಯನ್ನೇ ಬಿಟ್ಟಿದ್ದೇನೆ, ಇದು ಪಾಪವಲ್ಲವೇ ಎಂದು ಕೇಳಿದ್ದೀಯೆ. ಆ ಒಂದು ಪ್ರಶ್ನೆಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಸಿಟ್ಟಿದ್ದರೆ ಆ ಸಿಟ್ಟನ್ನೇ ದೇವರ ಮುಂದೆ ಹೇಳು, ಮಗಳೇ. ನಮ್ಮ ಸತ್ಯವೇದವಾದ ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳಾಟವೂ ದೂರೂ ಆಗಿದೆ. ಅವುಗಳಲ್ಲಿ ಬಹುತೇಕ ಎಲ್ಲವೂ ಕೊನೆಯ ಹೊತ್ತಿಗೆ ಸ್ತೋತ್ರದ ಕಡೆಗೆ ತಿರುಗುತ್ತವೆ. 88ನೆಯ ಕೀರ್ತನೆಯಂತೂ ತಿರುಗುವುದೇ ಇಲ್ಲ. ಹಗಲಿರುಳು ಮೊರೆಯಿಟ್ಟೆ, ನೀನು ಮುಖ ಮರೆಮಾಡಿಕೊಂಡದ್ದೇಕೆ, ಆಪ್ತರನ್ನೆಲ್ಲ ನನ್ನಿಂದ ದೂರ ಮಾಡಿದೆ ಎಂದು ದೇವರನ್ನೇ ನಿಲ್ಲಿಸಿ ಕೇಳುತ್ತಾ ಹೋಗಿ ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೀರ್ತನೆಗಳನ್ನು ಒಟ್ಟುಗೂಡಿಸಿದವರಿಗೆ ಅದರ ಕೊನೆಗೊಂದು ಹಾಲೆಲೂಯ ಸೇರಿಸುವುದು ಕಷ್ಟವಿರಲಿಲ್ಲ. ಅವರು ಸೇರಿಸಲಿಲ್ಲ; ಇದ್ದಂತೆಯೇ ಆರಾಧನೆಯ ಹಾಡಾಗಿ ಉಳಿಸಿಕೊಂಡರು. ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದದ್ದೂ 22ನೆಯ ಕೀರ್ತನೆಯ ಮೊದಲ ಮಾತೇ: "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ?" ಆತನೇ ಕೇಳಿದ ಪ್ರಶ್ನೆಯನ್ನು ನೀನು ಕೇಳಿದರೆ ಅದು ಪಾಪ ಹೇಗಾದೀತು? ದೂರು ಹೇಳುವವರು ಇನ್ನೂ ದೇವರ ಕಡೆಗೇ ಮುಖ ಮಾಡಿ ನಿಂತಿರುತ್ತಾರೆ.

ಯೋಬನ ಪುಸ್ತಕವನ್ನು ನಾವು ತಾಳ್ಮೆಯ ಪಾಠವೆಂದಷ್ಟೇ ಕೇಳುತ್ತಾ ಬೆಳೆದಿದ್ದೇವೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡರೂ ಅವನು ದೇವರನ್ನು ದೂರದ ಮೊದಲ ಎರಡು ಅಧ್ಯಾಯಗಳಿಗೆ ಅದು ಸರಿ. ಮೂರನೆಯ ಅಧ್ಯಾಯದಲ್ಲಿ ಅದೇ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ; ಮುಂದೆ ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಅವನ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರರು ಬಂದು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು, ಪಾಪವಿಲ್ಲದೆ ಕಷ್ಟ ಬರುವುದುಂಟೇ ಎಂದು ವಾದಕ್ಕಿಳಿದರು. ಕೊನೆಯಲ್ಲಿ ದೇವರ ಕೋಪ ಉರಿದದ್ದು ದೂರಿದವನ ಮೇಲಲ್ಲ, ದೇವರ ಪರವಾಗಿ ವಕೀಲಿಕೆ ಮಾಡಿದ ಆ ಮೂವರ ಮೇಲೆ. ಯೋಬನಿಗೂ ತನ್ನ ಕಷ್ಟದ ಕಾರಣ ಕಡೆಯವರೆಗೆ ತಿಳಿಯಲಿಲ್ಲ. ಕಾರಣದ ಬದಲು ಬಿರುಗಾಳಿಯೊಳಗಿಂದ ದೇವರೇ ಮಾತಾಡಿದ್ದು ಅವನಿಗೆ ಸಾಕಾಯಿತು. ಕಾರಣ ಹೇಳಲು ನನಗೂ ಬರುವುದಿಲ್ಲ. ಹೇಳುತ್ತೇನೆಂದು ಬರುವವರನ್ನು ನಂಬಲೂಬೇಡ.

ಅಂಥವರು ನಿನ್ನ ಮನೆಗೂ ಬಂದು ಹೋಗಿದ್ದಾರೆ ಎಂದು ಬರೆದಿದ್ದೀಯೆ. ಮನೆತನದಲ್ಲಿ ಯಾವುದೋ ಗುಪ್ತ ಪಾಪವಿರಬೇಕು ಎಂದವರಿಗೆ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವೇ ಉತ್ತರ. ಹುಟ್ಟುಕುರುಡನನ್ನು ಕಂಡು ಯಾರ ಪಾಪವೆಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದು ಯೇಸು ಅಲ್ಲಿಯೇ ಆ ಮಾತು ಮುಗಿಸಿದನು. ಗುಳಿಗೆಗಳನ್ನು ನಿಲ್ಲಿಸಿದರೆ ಮಾತ್ರ ನಂಬಿಕೆ ಪೂರ್ಣವಾಗುತ್ತದೆ ಎಂದ ಮನುಷ್ಯನನ್ನಂತೂ ಇನ್ನೊಮ್ಮೆ ಒಳಗೆ ಬಿಡಬೇಡ. ಸಾಯುವಷ್ಟು ಕಾಯಿಲೆಬಿದ್ದ ಅರಸನಾದ ಹಿಜ್ಕೀಯನು ಅತ್ತು ಪ್ರಾರ್ಥಿಸಿದಾಗ ದೇವರು ಅವನ ಆಯುಷ್ಯಕ್ಕೆ ಹದಿನೈದು ವರ್ಷ ಕೂಡಿಸಿದನು. ಆ ಮಾತನ್ನು ತಂದ ಪ್ರವಾದಿ ಯೆಶಾಯನೇ ಅಂಜೂರದ ಹಣ್ಣಿನ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದನು. ಪ್ರಾರ್ಥನೆಯೂ ಔಷಧವೂ ಒಂದೇ ಕೋಣೆಯಲ್ಲಿ ನಡೆದವು.

ಅಳಿಯಂದಿರನ್ನು ವೆಲ್ಲೂರಿಗೆ ಕರೆದೊಯ್ಯುವ ವಿಚಾರ ಬರೆದಿದ್ದೀಯೆ, ತಡಮಾಡಬೇಡ. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಯುವ ವೈದ್ಯೆಯಾಗಿದ್ದ ಡಾ. ಮೇರಿ ವರ್ಗೀಸ್ ಅವರಿಗೆ 1954ರಲ್ಲಿ ವಾಹನ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟು ಬಿತ್ತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಪ್ರಾರ್ಥಿಸುವವರಿಗೇನೂ ಅಲ್ಲಿ ಕೊರತೆಯಿರಲಿಲ್ಲ, ಆದರೂ ಅವರು ಮತ್ತೆ ಮೊದಲಿನಂತೆ ನಡೆಯಲಿಲ್ಲ. ಕುಷ್ಠರೋಗದಿಂದ ಮಡಚಿಹೋದ ಕೈಗಳ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದೆಂದು ಅಲ್ಲಿಯ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್ ದಾರಿ ತೋರಿದ ಮೇಲೆ, ಅವರು ಗಾಲಿಕುರ್ಚಿಯಲ್ಲಿ ಕುಳಿತು ಆ ಕೆಲಸ ಮಾಡಿದರು. ಪುನರ್ವಸತಿ ಚಿಕಿತ್ಸೆಯನ್ನು ವಿದೇಶದಲ್ಲಿ ಕಲಿತು ಬಂದರು. ಇಂಥ ರೋಗಿಗಳಿಗೆಂದೇ 1966ರಲ್ಲಿ ಅಲ್ಲಿ ತೆರೆದ ಪುನರ್ವಸತಿ ಕೇಂದ್ರಕ್ಕೆ ಅವರೇ ಮೂಲ. ಇದನ್ನು ನಿನಗೆ ಹೇಳುತ್ತಿದ್ದೇನೆಯೇ ಹೊರತು ಅಳಿಯಂದಿರಿಗಲ್ಲ. ಅವರ ಮಂಚದ ಪಕ್ಕದಲ್ಲಿ ನಿಂತು "ನೀವೂ ಅವರಂತಾಗಿ" ಎಂದು ಯಾರೂ ಉಪದೇಶ ಮಾಡದಂತೆ ನೋಡಿಕೋ. ಅವರಿಗೆ ಅಳುವ ದಿನಗಳು ಇನ್ನೂ ಬೇಕಾಗಬಹುದು.

ನಂಬಿಕೆ ಬತ್ತಿಹೋಗಿದೆ ಎಂದು ಬರೆದಿದ್ದೀಯಲ್ಲ, ಅದಕ್ಕೆ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯ ಓದು. ಪಾರ್ಶ್ವವಾಯು ರೋಗಿಯನ್ನು ಕಪೆರ್ನೌಮಿನ ಆ ಮನೆಗೆ ನಾಲ್ವರು ಹೊತ್ತು ತಂದು, ಜನರ ಗುಂಪಿನಲ್ಲಿ ದಾರಿ ಸಿಗದೆ, ಚಾವಣಿ ಕಿತ್ತು ಕಿಂಡಿ ಮಾಡಿ ಹಾಸಿಗೆಯನ್ನು ಇಳಿಸಿದರು. ಅಲ್ಲಿ ಯೇಸು ನೋಡಿದ್ದು "ಅವರ" ನಂಬಿಕೆಯನ್ನು ಎಂದು ಬರೆದಿದೆ. ಮಲಗಿದ್ದವನು ಒಂದು ಮಾತನ್ನೂ ಆಡಿರಲಿಲ್ಲ. ನಿನ್ನಿಂದ ಆಗದ ಈ ತಿಂಗಳುಗಳಲ್ಲಿ ನಿನಗಾಗಿ ನಂಬುವ ಕೆಲಸ ಸಭೆಯದು, ನಮ್ಮದು. ಆದ್ದರಿಂದ ಸ್ತ್ರೀ ಸಮಾಜದವರು ಅಡುಗೆ ಮಾಡಿ ತರುತ್ತೇವೆಂದರೆ ಸಂಕೋಚಪಟ್ಟು ಬೇಡವೆನ್ನಬೇಡ, ಅವರ ಕೈಗೆ ಸಾರಿನ ಪಾತ್ರೆಯನ್ನೇ ಕೊಟ್ಟು ಕಳುಹಿಸು. ಭಾನುವಾರ ಆರಾಧನೆಗೆ ಹೋಗಲು ಮನಸ್ಸಿಲ್ಲದಿದ್ದರೆ ಸಭಾಪಾಲಕರಿಗೆ ಹೇಳಿ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸಗಳನ್ನು ಮನೆಗೇ ತರಿಸಿಕೊಳ್ಳಿ, ಇಬ್ಬರೂ ಒಟ್ಟಿಗೆ ತೆಗೆದುಕೊಳ್ಳಿ. ಪ್ರಾರ್ಥನೆಗೆ ಮಾತು ಹೊರಡದಿದ್ದರೆ 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದು, ಅಷ್ಟೇ ಸಾಕು.

ಬರುವ ಶುಕ್ರವಾರದ ರಾತ್ರಿ ಬಸ್ಸಿಗೆ ನಾನೂ ನಿನ್ನ ದೊಡ್ಡಮ್ಮನೂ ಹೊರಡುತ್ತೇವೆ. ದಿಂಬುಗಳನ್ನು ಎಲ್ಲೆಲ್ಲಿ ಇಡಬೇಕು, ಮಗ್ಗುಲು ಹೇಗೆ ತಿರುಗಿಸಬೇಕು ಎಂಬುದನ್ನು ಶನಿವಾರ ಹಗಲಿನಲ್ಲಿ ನಮಗೆ ತೋರಿಸಿಕೊಡು. ಆ ರಾತ್ರಿಯಿಂದ ನಾವು ಅಲ್ಲಿರುವಷ್ಟು ದಿನ ಅಲಾರಂ ನಮ್ಮ ಕೋಣೆಯಲ್ಲಿರಲಿ.

ಇತಿ,
ನಿನ್ನ ದೊಡ್ಡಪ್ಪ