ಹಾಲುವಾಣ ಹೂ ಬಿಟ್ಟಿದೆ, ಬಂದು ಹೋಗು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಬಂದು ಎರಡು ದಿನ ಆಯ್ತು. "ಬೆಂಗಳೂರಲ್ಲಿ ತಲೆ ಎತ್ತಿದರೆ ಬರೀ ಕಟ್ಟಡ ಕಣೋ, ನಕ್ಷತ್ರ ನೋಡಿ ಎಷ್ಟು ಕಾಲವಾಯ್ತೋ" ಅಂತ ಬರೆದಿದ್ದೆ. ಫೋನಲ್ಲಿ ಹೇಳಿದರೆ ಅರ್ಧ ಉಳಿದುಬಿಡುತ್ತದೆ ಅನ್ನಿಸಿ ಪತ್ರಕ್ಕೇ ಕೂತೆ.

ಇಲ್ಲಿ ರೊಬಸ್ಟಾ ಕೊಯ್ಲು ನಡೆದಿದೆ. ಕಣದ ಮೂಲೆಯ ಹಾಲುವಾಣ ನೆನಪಿದೆಯಾ? ಅದರ ಮುಳ್ಳು ಕಿತ್ತು, ಎಂಜಲು ಹಚ್ಚಿ ಮೂಗಿಗೆ ಅಂಟಿಸಿಕೊಳ್ಳುತ್ತಿದ್ದೆವಲ್ಲ, ಅದೇ ಮರ. ಈಗ ಅದರಲ್ಲಿ ಒಂದು ಎಲೆಯೂ ಇಲ್ಲ. ಕೊಂಬೆ ತುಂಬಾ ಕೆಂಪು ಹೂ. ಬೆಳಿಗ್ಗೆ ಮಂಜು ಸರಿಯುವ ಹೊತ್ತಿಗೆ ಕಾಫಿ ಲೋಟ ಹಿಡಿದು ಕಣದ ಕಟ್ಟೆ ಮೇಲೆ ಕೂರುತ್ತೇನೆ. ಮೊದಲು ಬರುವುದು ಕಾಜಾಣ. ಬಂದದ್ದೇ ಇಡೀ ಮರ ತನ್ನದು ಅನ್ನೋ ಹಾಗೆ ಮಿಕ್ಕವರನ್ನೆಲ್ಲ ಅಟ್ಟಲು ಶುರು. ಆದರೆ ಹೂ ಅಷ್ಟಿರುವಾಗ ಯಾರನ್ನು ಅಂತ ಅಟ್ಟುತ್ತದೆ? ಅದು ಈ ಕೊಂಬೆಯಲ್ಲಿ ಪಿಕಳಾರ ಓಡಿಸುವಷ್ಟರಲ್ಲಿ ಆ ಕೊಂಬೆಗೆ ಗೊರವಂಕದ ಹಿಂಡು ಬಂದಿಳಿಯುತ್ತದೆ. ಸೂರಕ್ಕಿಗಳು ಸಂದಿಯಲ್ಲಿ ನುಸುಳಿ ತಮ್ಮ ಪಾಲು ಕುಡಿದು ಹೋಗುತ್ತವೆ. ಎಲೆಹಕ್ಕಿ ಬಂದರೆ ಮಾತ್ರ ಪತ್ತೆ ಮಾಡುವುದು ಸುಲಭ. ಬೇರೆ ಕಾಲದಲ್ಲಿ ಎಲೆಯ ಬಣ್ಣದಲ್ಲೇ ಅಡಗಿರುವ ಹಕ್ಕಿ ಅದು, ಈ ಕೆಂಪಿನಲ್ಲಿ ಎಲ್ಲಿ ಅಡಗೀತು? ನಿನ್ನೆ ಒಂದು ಗಂಟೆಯಲ್ಲಿ 11 ಬಗೆಯ ಹಕ್ಕಿ ಎಣಿಸಿದೆ. ಕೊನೆಗೆ ಒಂದು ಕೆಂಜಳಿಲೂ ಬಂತು.

ಇಷ್ಟು ದಿನ ನೋಡಿದರೂ ನನಗೆ ಹೊಳೆಯದಿದ್ದದ್ದು ಒಂದಿತ್ತು. ಹಕ್ಕಿ ಜೇನಿಗೆ ಕೊಕ್ಕು ತೂರಿಸಿದಾಗ ಹೂವಿನ ಕೇಸರಗಳು ಅದರ ಹಣೆಗೆ, ಎದೆಗೆ ತಾಗುತ್ತವೆ. ಆ ಕೇಸರದ ಪರಾಗದ ಪುಡಿ ಹೊತ್ತುಕೊಂಡೇ ಅದು ಮುಂದಿನ ಮರಕ್ಕೆ ಹೋಗುವುದು. ಹಾಲುವಾಣಕ್ಕೆ ಹಕ್ಕಿ ಬೇಕೇ ಬೇಕು. ಅದಕ್ಕೇ ಇಷ್ಟು ಕೆಂಪು, ಇಷ್ಟು ಜೇನು.

ನಮ್ಮ ಕಡೆ ತೋಟಗಳಲ್ಲಿ ಈ ಮರ ಕಡಿಮೆಯಾಗುತ್ತಿದೆ, ಅದೇ ಬೇಜಾರು. ಎಲ್ಲಿ ನೋಡಿದರೂ ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಮರ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಾರಿದರೆ ದುಡ್ಡು. ಬೆಳೆಗಾರರನ್ನು ದೂರುವುದಿಲ್ಲ ನಾನು, ನಮ್ಮಲ್ಲೂ ಇವೆ. ಆದರೆ ಅತ್ತಿ, ಬಸರಿ, ಹಲಸು ಇರುವ ತೋಟಕ್ಕೆ ಕಾಲಿಟ್ಟರೆ ಕುಟ್ರು ಹಕ್ಕಿಯ ಕೂಗು ನಿಲ್ಲುವುದೇ ಇಲ್ಲ. ಬರೀ ಸಿಲ್ವರ್ ತೋಟ ಎಷ್ಟು ಸುಮ್ಮನಿರುತ್ತದೆ ಅಂತ ನೀನೇ ಬಂದು ಕೇಳು.

ಹೋದ ತಿಂಗಳು ಭದ್ರಾ ಕಾಡಿನ ಮುತ್ತೋಡಿಗೆ ಹೋಗಿದ್ದೆ. ಹುಲಿ ಕಾಣಲಿಲ್ಲ. ಕಾಟಿ, ಅದೇ ಕಾಡುಕೋಣ, ಕಂಡವು, ದಾರಿ ಪಕ್ಕದಲ್ಲೇ, ಮೊಣಕಾಲವರೆಗೆ ಬಿಳಿ ಕಾಲುಚೀಲ ಹಾಕಿದ ಹಾಗೆ. ನೀನು ಬಂದರೆ ಲಕ್ಕವಳ್ಳಿಗೂ ಹೋಗಿ ಬರೋಣ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದ ಹಾಗೆ ದಿಬ್ಬಗಳು ಮೇಲೇಳುತ್ತವೆ. ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಗುಂಪುಗುಂಪಾಗಿ ಬಂದು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಕಡ್ಡಿ ಜೋಡಿಸುವುದಿಲ್ಲ, ಹುಲ್ಲು ಹಾಸುವುದಿಲ್ಲ. ಆ ಬಿಸಿಲಲ್ಲಿ ಮೊಟ್ಟೆಗೆ ನೆರಳು ಮಾಡಿಕೊಂಡು ಕೂತಿರುತ್ತವೆ.

ಇನ್ನು ನಿನ್ನ ನಕ್ಷತ್ರ. ರಸ್ತೆ ತಿರುವಿನಲ್ಲಿ ಹೊಸ ದೀಪ ಹಾಕಿದ ಮೇಲೆ ಅಂಗಳದಿಂದ ಜಾಸ್ತಿ ಕಾಣುವುದಿಲ್ಲ. ಹಾಗಾಗಿ ಗೋಡೌನ್ ಹಿಂದೆ ಹೋಗಿ ನಿಲ್ಲುತ್ತೇನೆ. ಮೊನ್ನೆ ರಾತ್ರಿ 8 ಗಂಟೆ ಹೊತ್ತಿಗೆ ಕೃತ್ತಿಕೆ ನೆತ್ತಿ ಮೇಲಿತ್ತು. ಅದರ ಪೂರ್ವಕ್ಕೆ ಕೆಂಪಗೆ ರೋಹಿಣಿ, ಆಮೇಲೆ ಮೃಗಶಿರ, ಆರಿದ್ರಾ, ಕೆಳಗೆ ತೋಟದ ಮರಗಳ ತುದಿಯಲ್ಲಿ ಪುನರ್ವಸುವಿನ ಜೋಡಿ. ನೋಡ್ತಾ ನೋಡ್ತಾ ಮೈ ಜುಂ ಅಂತು ಮಾರಾಯ. ಇವೆಲ್ಲ ಅಜ್ಜ ಹೇಳುತ್ತಿದ್ದ ಮಳೆಗಳ ಹೆಸರು! "ಆರಿದ್ರಾ ಮಳೆ ಆರದೆ ಹುಯ್ಯುತ್ತೆ" ಅಂತ ಜಗಲಿಯಲ್ಲಿ ಕೂತು ಹೇಳುತ್ತಿದ್ದರಲ್ಲ. ಮೇ ತಿಂಗಳಿಂದ ಜುಲೈವರೆಗೆ ನಮ್ಮ ಮೇಲೆ ಸುರಿಯುವ ಮಳೆಗಳೆಲ್ಲ ಬರುವ ಸಾಲಿನಲ್ಲೇ ಆಕಾಶದಲ್ಲಿ ನಿಂತಿವೆ.

ಸೂರ್ಯ ಒಂದೊಂದು ನಕ್ಷತ್ರದ ಬಳಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ್ದೇ ಹೆಸರು. ಅಂದರೆ ರೋಹಿಣಿ ಮಳೆ ಬರುವಾಗ ರೋಹಿಣಿ ಕಾಣುವುದಿಲ್ಲ, ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಅಜ್ಜನಿಗೆ ಇದು ಗೊತ್ತಿತ್ತಾ? ಕೇಳಬೇಕಿತ್ತು. ಅವರು ಇದ್ದಾಗ ನಾನು ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ.

ಏಪ್ರಿಲ್ ಬಂತೆಂದರೆ ಇವು ಸಂಜೆಗೇ ಪಡುವಣಕ್ಕೆ ಇಳಿಯುತ್ತಾ ಹೋಗುತ್ತವೆ. ಹೂವೂ ಅಷ್ಟರಲ್ಲಿ ಉದುರಿರುತ್ತದೆ. ಅದಕ್ಕೇ ಫೆಬ್ರವರಿ ಮುಗಿಯುವುದರೊಳಗೆ ಬಾ. ಕಡೂರಿನ ಮೇಲೆ ಬರುವ ರಾತ್ರಿ ಬಸ್ಸು ಹಿಡಿದರೆ ಬೆಳಗಿನ ಹಕ್ಕಿಗಳೂ ಸಿಗುತ್ತವೆ. ಸ್ವೆಟರ್ ತಾ, ಚಳಿ ಇನ್ನೂ ಇದೆ. ಕೊಯ್ಲು ಮುಗಿದ ಮೇಲೆ ಮರಗಸಿ ಮಾಡಲು, ಅಂದರೆ ನೆರಳು ಮರಗಳ ಕೊಂಬೆ ಕಡಿಯಲು, ಆಳುಗಳು ಬರುತ್ತಾರೆ. ಕಣದ ಮೂಲೆಯ ಮರ ಮುಟ್ಟಬೇಡಿ ಅಂತ ಈಗಲೇ ಹೇಳಿಟ್ಟಿದ್ದೇನೆ.

ನಿನ್ನ ದಾರಿ ಕಾಯುತ್ತಾ,
ನಿನ್ನ ಗೆಳೆಯ